ಬಲೂನು ಬರೋವರೆಗೂ ಓಡಿಸು

ಭಾನುವಾರ ಮಧ್ಯಾಹ್ನ ನಮ್ಮ ಮನೆಯ ರಿಮೋಟ್ ಏಳು ವರ್ಷದ ಮಗಳ ಕೈಯಲ್ಲಿರುತ್ತದೆ. ಅವಳು ಹಾಕಿದ್ದನ್ನೇ ಎಲ್ಲರೂ ನೋಡಬೇಕು. ಹಾಕೋದು ಬರೀ ಕಾರ್ಟೂನ್ ಸಿನಿಮಾ, ಅದೂ ಒಂದನ್ನೇ ಹತ್ತಾರು ಸಲ. ಮೊದಲೆಲ್ಲ ನಾನು ಪಕ್ಕದಲ್ಲಿ ಕೂತು ಪೇಪರ್ ಓದುತ್ತಿದ್ದೆ. ಈಗ ಪೇಪರ್ ಮಡಚಿಟ್ಟು ನಾನೂ ನೋಡುತ್ತೇನೆ. ಯಾರು ಯಾವ ಭಾಗ ಬಂದಾಗ ‘ಓಡಿಸು’ ಅನ್ನುತ್ತಾರೆ ಅನ್ನೋದರಲ್ಲೇ ಅವರ ವಯಸ್ಸು ಗೊತ್ತಾಗಿಬಿಡುತ್ತದೆ.

‘ಫೈಂಡಿಂಗ್ ನೀಮೋ’ (2003) ಹಾಕಿದರೆ ಮಗಳು ಶುರುವಿನ ಭಾಗ ಓಡಿಸುತ್ತಾಳೆ. ಅಲ್ಲಿ ಒಂದು ದೊಡ್ಡ ಮೀನು ಬಂದು ತಾಯಿಯನ್ನೂ ನಾನೂರು ಚಿಲ್ಲರೆ ಮೊಟ್ಟೆಗಳನ್ನೂ ತಿಂದುಬಿಡುತ್ತದೆ. ಉಳಿಯೋದು ಒಂದೇ ಮೊಟ್ಟೆ. ಅವಳಿಗೆ ಅದು ಭಯ. ನನಗೆ ಕಷ್ಟವಾಗೋದು ಆಮೇಲೆ, ತಿಮಿಂಗಿಲದ ಬಾಯೊಳಗೆ. ಮಗನಿಗೆ ಏನೂ ಆಗದ ಹಾಗೆ ನೋಡಿಕೊಳ್ಳುತ್ತೇನೆ ಅಂತ ಮಾತು ಕೊಟ್ಟಿದ್ದೆ ಎಂದು ಅಪ್ಪ ಮೀನು ಗೋಳಾಡುತ್ತದೆ. ಈಗ ಆಡಿದ ಮಾತು ಇನ್ನೊಂದು ಗಳಿಗೆಗೆ ನೆನಪಿರದ ಜೊತೆಯ ಮೀನು ಡೋರಿ, ಏನೂ ಆಗದ ಹಾಗೆ ನೋಡಿಕೊಂಡರೆ ಪಾಪ ಅವನಿಗೆ ಏನೂ ಆಗೋದೇ ಇಲ್ವಲ್ಲ ಅನ್ನುತ್ತಾಳೆ. ಮಗಳ ಸೈಕಲ್ಲಿನ ಸೈಡ್ ಚಕ್ರ ಬಿಚ್ಚೋದನ್ನು ಎರಡು ವರ್ಷದಿಂದ ಮುಂದಕ್ಕೆ ಹಾಕುತ್ತಾ ಬಂದಿರೋ ನಾನು ಆ ಹೊತ್ತಿಗೆ ಸರಿಯಾಗಿ ನೀರು ಕುಡಿಯೋಕೆ ಏಳುತ್ತೇನೆ.

‘ಇನ್‌ಸೈಡ್ ಔಟ್’ನಲ್ಲಿ (2015) ಊಟದ ಮೇಜಿನ ದೃಶ್ಯವೊಂದಿದೆ. ಹಳೇ ಊರು ಬಿಟ್ಟು ಬಂದ ಹುಡುಗಿ ಸಿಡುಕುತ್ತಾ ಕೂತಿದ್ದಾಳೆ. ಏನಾದರೂ ಮಾತಾಡಿ ಅಂತ ಅಮ್ಮ ಅಪ್ಪನಿಗೆ ಕಣ್ಣಲ್ಲೇ ಸನ್ನೆ ಮಾಡುತ್ತಾಳೆ. ಅಪ್ಪನ ತಲೆಯೊಳಗೆ ಹಾಕಿ ಮ್ಯಾಚ್ ನಡೀತಿದೆ. ಇದನ್ನು ಮಾತ್ರ ನನ್ನ ಹೆಂಡತಿ ಓಡಿಸೋಕೆ ಬಿಡೋದಿಲ್ಲ, ಹಿಂದಕ್ಕೆ ಹಾಕಿಸಿ ಇನ್ನೊಂದು ಸಲ ನೋಡುತ್ತಾಳೆ. ಟಿವಿ ನೋಡೋದು ಕಮ್ಮಿ, ನನ್ನ ಮುಖ ನೋಡೋದು ಜಾಸ್ತಿ. “ನನ್ನ ತಲೆಯಲ್ಲಿ ಹಾಕಿ ಇಲ್ಲ ಕಣೇ” ಅಂದೆ ಒಂದು ಸಲ. “ಗೊತ್ತು ಬಿಡ್ರೀ, ಕ್ರಿಕೆಟ್” ಅಂದಳು.

ನಿಜವಾದ ಜಗಳ ಆಗೋದು ‘ಅಪ್’ (2009) ಹಾಕಿದಾಗ. ಬಲೂನು ಮಾರುವ ಮುದುಕ ಕಾರ್ಲ್ ತನ್ನ ಮನೆಗೇ ಬಲೂನು ಕಟ್ಟಿ ಹಾರಿಸಿಕೊಂಡು ಹೋಗುವ ಕತೆ. ಮಗಳಿಗೆ ಬೇಕಾಗಿರೋದು ಆ ಮನೆ ಮೇಲೇಳೋದು. “ಅಪ್ಪಾ, ಬಲೂನು ಬರೋವರೆಗೂ ಓಡಿಸು” ಅಂತ ಪ್ರಾಣ ತಿನ್ನುತ್ತಾಳೆ. ನನಗೆ ಬೇಕಾಗಿರೋದು ಅದಕ್ಕೂ ಮುಂಚಿನ ನಾಲ್ಕು ನಿಮಿಷ. ಮದುವೆಯಿಂದ ಸಾವಿನವರೆಗೆ ಒಂದಿಡೀ ಸಂಸಾರ, ಒಂದೂ ಮಾತಿಲ್ಲದೆ, ಬರೀ ಸಂಗೀತದಲ್ಲಿ.

ಹೋದ ತಿಂಗಳು ಊರಿಂದ ಅಮ್ಮ ಬಂದಿದ್ದಳು. ಅಮ್ಮನಿಗೆ ಇಂಗ್ಲಿಷ್ ಬರೋದಿಲ್ಲ. ಆ ನಾಲ್ಕು ನಿಮಿಷಕ್ಕೆ ಅದು ಬೇಕಾಗಿಯೂ ಇಲ್ಲ. ಮಗಳು ರಿಮೋಟ್ ಎತ್ತಿದಾಗ “ಇರ್ಲಿ ಬಿಡೇ, ನೋಡೋಣ” ಅಂದಳು. ಗಂಡ ಹೆಂಡತಿ ಮಗುವಿಗಾಗಿ ಕೋಣೆಗೆ ಬಣ್ಣ ಬಳಿಯುತ್ತಾರೆ. ಮುಂದಿನ ದೃಶ್ಯ ಆಸ್ಪತ್ರೆ, ಅವಳು ಮುಖ ಮುಚ್ಚಿಕೊಂಡಿದ್ದಾಳೆ. “ಅಯ್ಯೋ, ಕೂಸು ನಿಲ್ಲಲಿಲ್ಲ” ಅಂದಳು ಅಮ್ಮ. “ಯಾವ ಕೂಸು ಅಜ್ಜಿ?” ಅಂದಳು ಮಗಳು. ಇಪ್ಪತ್ತು ಸಲ ನೋಡಿದವಳು!

ಆಮೇಲೆ ಗಾಜಿನ ಜಾಡಿ ಬರುತ್ತದೆ. ದಕ್ಷಿಣ ಅಮೆರಿಕದ ಜಲಪಾತವೊಂದನ್ನು ನೋಡೋಕೆ ಇಬ್ಬರೂ ಅದಕ್ಕೆ ಚಿಲ್ಲರೆ ಹಾಕುತ್ತಾ ಹೋಗುತ್ತಾರೆ. ಕಾರಿನ ಟೈರ್ ಹೋಯಿತು, ಜಾಡಿ ಒಡೆ. ಕಾಲು ಮುರಿಯಿತು, ಜಾಡಿ ಒಡೆ. ಸೂರಿನ ಮೇಲೆ ಮರ ಬಿತ್ತು, ಮತ್ತೆ ಒಡೆ. ಕೊನೆಗೆ ಮುದುಕ ಟಿಕೆಟ್ ತರುವ ಹೊತ್ತಿಗೆ ಹೆಂಡತಿಗೆ ಹತ್ತಿರದ ಗುಡ್ಡ ಹತ್ತುವ ಶಕ್ತಿಯೂ ಉಳಿದಿರುವುದಿಲ್ಲ.

ನಮ್ಮಮ್ಮನ ಜಾಡಿ ಸಾಸಿವೆ ಡಬ್ಬಿ. ಅವಳ ಜಲಪಾತ ಜೋಗ. ಸಿನಿಮಾದವರಿಗೆ ಸ್ಫೂರ್ತಿಯಾದ ವೆನೆಜುವೆಲಾದ ಏಂಜೆಲ್ ಜಲಪಾತದ ಎತ್ತರ 979 ಮೀಟರ್, ನಮ್ಮ ಜೋಗದ್ದು 253. ಹಾಗಂತ ಸಾಸಿವೆ ಡಬ್ಬಿಗೆ ಜೋಗವೇನೂ ಹತ್ತಿರವಾಗಿರಲಿಲ್ಲ. ಡಬ್ಬಿಯ ದುಡ್ಡು ಅಪ್ಪನ ಸ್ಕೂಟರಿಗೆ, ನನ್ನ ಕನ್ನಡಕಕ್ಕೆ, ಬೋರ್‌ವೆಲ್ ಮೋಟಾರಿಗೆ ಹೋಯಿತು. ಕೇಳಿದರೆ “ಜೋಗ ಎಲ್ಲಿಗೆ ಹೋಗುತ್ತೆ, ಅಲ್ಲೇ ಇರುತ್ತೆ” ಅನ್ನುತ್ತಿದ್ದಳು. ಜೋಗ ಅಲ್ಲೇ ಇದೆ. ಅಪ್ಪ ಹೋಗಿ ಆರು ವರ್ಷವಾಯಿತು.

ಅಷ್ಟರಲ್ಲಿ ಟಿವಿಯಲ್ಲಿ ಮನೆ ಎದ್ದಿತು. ನಮ್ಮ ಮನೆಯೂ ಹಾರುತ್ತಾ ಅಂತ ಮಗಳು ಕೇಳಿದಳು. ಒಂದು ಲೀಟರ್ ಹೀಲಿಯಂ ಎತ್ತೋದು ಹೆಚ್ಚು ಕಮ್ಮಿ ಒಂದು ಗ್ರಾಂ ತೂಕ. ಅಂದರೆ ಅಡುಗೆಮನೆಯ 25 ಕೆಜಿ ಅಕ್ಕಿ ಮೂಟೆಗೇ 25 ಸಾವಿರ ಲೀಟರ್ ಬೇಕು. ಇನ್ನು ಅಟ್ಟದ ಮೇಲೆ ಕೆಟ್ಟ ಮಿಕ್ಸಿ, ಹಳೇ ಕೂಲರ್, ನನ್ನ ಕಾಲೇಜಿನ ನೋಟ್ಸು. “ಗುಜರಿಗೆ ಹಾಕಿ ಅಂದ್ರೆ ಕೇಳಲ್ಲ, ಹಾರೋದೆಲ್ಲಿಂದ” ಅಂತ ಅಡುಗೆಮನೆಯಿಂದ ಧ್ವನಿ ಬಂತು.

ಕಾರ್ಲ್‌ನ ಮನೆಯೂ ಹಾಗೇ ನಿಲ್ಲುತ್ತದೆ. ಜಲಪಾತದ ಪಕ್ಕಕ್ಕೆ ಬಂದಿದ್ದಾನೆ, ಬಲೂನುಗಳ ಗಾಳಿ ಇಳಿದಿದೆ. ಕುರ್ಚಿಯಲ್ಲಿ ಕೂತು ಹೆಂಡತಿಯ ಹಳೇ ಪುಸ್ತಕ ತೆಗೆಯುತ್ತಾನೆ. ಮುಂದೆ ಮಾಡುವ ಸಾಹಸಗಳಿಗೆ ಅಂತ ಅವಳು ಬಿಟ್ಟಿದ್ದ ಹಾಳೆಗಳು ಖಾಲಿ ಇರುತ್ತವೆ ಅಂದುಕೊಂಡಿದ್ದ. ತಿರುಗಿಸಿದರೆ ಎಲ್ಲ ಹಾಳೆಯಲ್ಲೂ ಫೋಟೋ. ಮದುವೆ, ಪಿಕ್ನಿಕ್, ಅಕ್ಕಪಕ್ಕ ಕುರ್ಚಿಯಲ್ಲಿ ಕೂತ ಇಬ್ಬರು ಮುದುಕರು. ಆಮೇಲೆ ಎದ್ದು ಮನೆಯ ಸಾಮಾನನ್ನೆಲ್ಲ ಹೊರಗೆ ಹಾಕುತ್ತಾನೆ. ಮನೆ ಹಗುರಾಗಿ ಮತ್ತೆ ಏಳುತ್ತದೆ.

ಮಗಳು ಚಪ್ಪಾಳೆ ತಟ್ಟಿದಳು. ನಾನು ಅಮ್ಮನ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಮಾತಾಡಿದಳು.

“ಎಲ್ಲ ಹೊರಗೆ ಹಾಕ್ದ, ಆ ಎರಡು ಕುರ್ಚೀನ ಮಾತ್ರ ಜೋಡಿಸಿಟ್ಟು ಹೋದ ನೋಡೋ.”

“ಹ್ಞೂಂ ಅಮ್ಮಾ.”

“ಹೊರಗೇ ಬಿಟ್ಟು ಹೋದ್ನಲ್ಲ. ಮಳೆ ಬಂದ್ರೆ ನೆನೆಯುತ್ತೆ.”