ಹಳೆಯ ವಿಸ್ಫಿಯರ್ ಕ್ಲೈಂಟ್‌ಗೆ ಜೋತುಬಿದ್ದವರ ಪರವಾಗಿ, ತುಸು ತಕರಾರಿನೊಂದಿಗೆ

ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಮಷಿನ್‌ಗಳನ್ನು (ತಂತ್ರಾಂಶರೂಪದ ಕಂಪ್ಯೂಟರ್‌ಗಳನ್ನು) ಓಡಿಸುವ ವಿಎಂವೇರ್‌ನ ವಿಸ್ಫಿಯರ್ ತಂತ್ರಾಂಶವನ್ನು ನಿರ್ವಹಿಸುವ ಹಳೆಯ ಕ್ಲೈಂಟನ್ನು, ಅಂದರೆ ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡಿಕೊಳ್ಳಬೇಕಿದ್ದ ಸಿ ಶಾರ್ಪ್ ಭಾಷೆಯಲ್ಲಿ ಬರೆದ ಕ್ಲೈಂಟನ್ನು, ಇಂದಿಗೂ ಬಿಡದವರಿದ್ದಾರೆ. ಅವರನ್ನು ಸೋಮಾರಿಗಳೆಂದು ಹೀಗಳೆಯುವುದು ನನಗೆ ಸರಿಕಾಣುವುದಿಲ್ಲ. ಹೋಸ್ಟ್‌ನ (ಈ ಮಷಿನ್‌ಗಳು ಓಡುವ ಸರ್ವರ್‌ನ) ಐಪಿ ವಿಳಾಸ ಮತ್ತು ಪಾಸ್‌ವರ್ಡ್ ಕೊಟ್ಟರೆ ಸಾಕು, ಎಡಗಡೆ ವರ್ಚುವಲ್ ಮಷಿನ್‌ಗಳ ಪಟ್ಟಿ, ಚಾಲನೆಯಲ್ಲಿರುವವುಗಳ ಮೇಲೆ ಪುಟ್ಟ ಹಸಿರು ತ್ರಿಕೋನ, ಬಲಗಡೆ ಆಯ್ದ ಮಷಿನ್‌ನ ಪರದೆ ತೋರಿಸುವ ಕನ್ಸೋಲ್. ನಿಧಾನದ ಸಂಪರ್ಕದಲ್ಲೂ ಕೆಲಸ ನಡೆಯುತ್ತಿತ್ತು.

ಅದನ್ನು ಕೈಬಿಟ್ಟ ರೀತಿಯಲ್ಲಿ ಕಂಪನಿಯ ತಪ್ಪೂ ಇದೆ. ವಿಸ್ಫಿಯರ್ 5.5ರ ಕಾಲಕ್ಕೇ ಹಾರ್ಡ್‌ವೇರ್ ಆವೃತ್ತಿ 10ರ (ಆಗಿನ ಹೊಸ ಮಾದರಿಯ) ಮಷಿನ್‌ನ ಸೆಟ್ಟಿಂಗ್ಸ್ ತೆರೆದರೆ, ವೆಬ್ ಕ್ಲೈಂಟ್ ಬಳಸಿ ಎಂಬ ಸೂಚನೆ ಬರುತ್ತಿತ್ತು. 2016ರ ನವೆಂಬರ್‌ನಲ್ಲಿ ಬಂದ 6.5ರಲ್ಲಿ ಹಳೆಯ ಕ್ಲೈಂಟ್ ಇಲ್ಲವೇ ಇಲ್ಲವಾಯಿತು. ಬದಲಿಗೆ ಕೊಟ್ಟ ವೆಬ್ ಕ್ಲೈಂಟ್ ನಿಂತಿದ್ದದ್ದು ಫ್ಲ್ಯಾಶ್ ಎಂಬ ಬ್ರೌಸರ್ ಪ್ಲಗಿನ್ ಮೇಲೆ. ಆ ಫ್ಲ್ಯಾಶ್‌ಗೆ 2020ರ ಕೊನೆಗೆ ತೆರೆ ಬೀಳಲಿದೆಯೆಂದು ಅಡೋಬಿ 2017ರಲ್ಲೇ ಘೋಷಿಸಿತು. ಫ್ಲ್ಯಾಶ್ ಬೇಡದ ಎಚ್‌ಟಿಎಂಎಲ್5 ಕ್ಲೈಂಟ್‌ನಲ್ಲಿ ಎಲ್ಲ ಸೌಲಭ್ಯಗಳೂ ಬಂದದ್ದು 2018ರ ಅಕ್ಟೋಬರ್‌ನ 6.7 ಅಪ್‌ಡೇಟ್ 1ರಲ್ಲಿ. ನಡುವಿನ ಎರಡು ವರ್ಷ ಅಡ್ಮಿನ್‌ಗಳು ಅರೆಬರೆ ಸಾಧನಗಳ ನಡುವೆ ಓಡಾಡಿದರೆ, ಅವರಿಗೆ ಹಳೆಯದರ ಮೇಲೆ ಮಮತೆ ಹೆಚ್ಚಿದ್ದರಲ್ಲಿ ಆಶ್ಚರ್ಯವೇನಿದೆ?

ನನ್ನ ತಕರಾರು ಬೇರೆ ಕಡೆ ಇದೆ. ಈ ಕ್ಲೈಂಟ್ 6.5 ಮತ್ತು ನಂತರದ ಹೋಸ್ಟ್‌ಗಳನ್ನು ನಿರ್ವಹಿಸಲಾರದು. ಆದ್ದರಿಂದ ಇದನ್ನು ನೆಚ್ಚಿಕೊಂಡವರ ಬಳಿ 6.0 ಅಥವಾ ಅದಕ್ಕೂ ಹಿಂದಿನ ಇಎಸ್‌ಎಕ್ಸ್‌ಐ (ಹೋಸ್ಟ್‌ನ ಮೂಲ ತಂತ್ರಾಂಶ) ಓಡುತ್ತಿದೆ ಎಂದೇ ಅರ್ಥ. 6.0ರ ಸಾಮಾನ್ಯ ಬೆಂಬಲ 2020ರ ಮಾರ್ಚ್‌ನಲ್ಲೇ ಮುಗಿದಿದೆ. ಅಪಾಯವಿರುವುದು ಆ ಹೋಸ್ಟ್‌ನಲ್ಲಿ. ಸರ್ಟಿಫಿಕೇಟ್ ಎಚ್ಚರಿಕೆ ಬಂದಾಗಲೆಲ್ಲ ಓದದೆ ‘ಇಗ್ನೋರ್’ ಒತ್ತುವ ಚಾಳಿಯ ಜೊತೆಗೆ, ಮನೆಯಿಂದ ನೋಡಿಕೊಳ್ಳಲು ಅನುಕೂಲವೆಂದು ರೂಟರ್‌ನಲ್ಲಿ ಕ್ಲೈಂಟ್ ಬಳಸುವ 443 ಮತ್ತು 902ನೇ ಪೋರ್ಟ್‌ಗಳನ್ನು ಹೊರಜಗತ್ತಿಗೆ ತೆರೆದಿಡುವ ಕಚೇರಿಗಳನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. 2023ರ ಫೆಬ್ರವರಿಯ ಇಎಸ್‌ಎಕ್ಸ್‌ಐಆರ್ಗ್ಸ್ ಎಂಬ ಸುಲಿಗೆ ತಂತ್ರಾಂಶದ ದಾಳಿ ಅಂತರ್ಜಾಲಕ್ಕೆ ತೆರೆದುಕೊಂಡಿದ್ದ ಹೋಸ್ಟ್‌ಗಳನ್ನೇ ಹುಡುಕಿ ಹೊಡೆಯಿತು. ಅದು ಬಳಸಿಕೊಂಡಿತೆಂದು ಹೇಳಲಾದ ದೋಷಕ್ಕೆ ಎರಡು ವರ್ಷ ಮೊದಲೇ ಪ್ಯಾಚ್ ಬಂದಿತ್ತು.

‘ಅಪ್‌ಗ್ರೇಡ್ ಮಾಡಿ’ ಎನ್ನುವುದು ಸುಲಭ. ಇಂಟೆಲ್‌ನ ಹಳೆಯ ಪೀಳಿಗೆಯಾದ ವೆಸ್ಟ್‌ಮಿಯರ್ ಕಾಲದ ಪ್ರೊಸೆಸರ್‌ಗಳನ್ನು ವಿಸ್ಫಿಯರ್ 7.0 ಕೈಬಿಟ್ಟಿದೆ, ಹೊಸ ಸರ್ವರ್‌ಗೆ ಮಾಲೀಕರು ಹಣ ಬಿಡುಗಡೆ ಮಾಡುವವರೆಗೆ ಅಡ್ಮಿನ್ ಏನು ಮಾಡಬೇಕು? ಒಂದೇ ಹೋಸ್ಟ್ ಇದ್ದು ಅದು 6.0 ಅಪ್‌ಡೇಟ್ 2 ಆಗಿದ್ದರೆ, ಬ್ರೌಸರ್‌ನಲ್ಲೇ ತೆರೆಯುವ ಹೋಸ್ಟ್ ಕ್ಲೈಂಟ್ ಅದರೊಳಗೇ ಇರುತ್ತದೆ. ಇಲ್ಲವಾದರೆ ಹಳೆಯ ಕ್ಲೈಂಟನ್ನು ಅಂತರ್ಜಾಲವಿಲ್ಲದ ಒಂದು ಪ್ರತ್ಯೇಕ ವಿಂಡೋಸ್ ಯಂತ್ರದಲ್ಲಿಟ್ಟು, ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಮೂಲಕ ಆ ಯಂತ್ರಕ್ಕೆ ಬಂದು, ಅಲ್ಲಿಂದ ಮಾತ್ರ ಹೋಸ್ಟ್ ತಲುಪುವಂತೆ ಮಾಡಬಹುದು.

ಮಷಿನ್‌ಗಳನ್ನು ಬೇರೆಡೆಗೆ ಒಯ್ಯುವ ವಲಸೆಗೂ ಅದೇ ಕ್ಲೈಂಟ್ ನೆರವಾಗುತ್ತದೆ. ಮಷಿನ್ ಆಫ್ ಮಾಡಿ, ಸಿಡಿ ಡ್ರೈವ್‌ಗೆ ಸಿಕ್ಕಿಸಿದ ಐಎಸ್‌ಒ (ಸಿಡಿಯ ಪ್ರತಿರೂಪದ ಫೈಲ್) ತೆಗೆದು, ಫೈಲ್ ಮೆನುವಿನಲ್ಲಿ ಓವಿಎಫ್ (ಮಷಿನ್ ಸಾಗಿಸುವ ಫೈಲ್ ಸ್ವರೂಪ) ಆಗಿ ಎಕ್ಸ್‌ಪೋರ್ಟ್ ಮಾಡಿಕೊಂಡರೆ ಅದನ್ನು ಇದೇ ಬಗೆಯ ಬೇರೊಂದು ತಂತ್ರಾಂಶವಾದ ಪ್ರಾಕ್ಸ್‌ಮಾಕ್ಸ್‌ಗೂ ಒಯ್ಯಬಹುದು. ಐಎಸ್‌ಒ ತೆಗೆಯುವುದನ್ನು ಮಾತ್ರ ಮರೆಯಬೇಡಿ. ಇಂಪೋರ್ಟ್ ಅರ್ಧಕ್ಕೇ ನಿಂತಾಗ ಬಹಳ ಸಲ ಕಾರಣ ಅದೇ ಆಗಿರುತ್ತದೆ.