‘ನೀನು ಸುಮ್ಮನೆ ಕೂತಿರಮ್ಮ’

ಅಮ್ಮನಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿ ಸವೆತ ಮೂರೂ ಇವೆ. ಒಂದೊಂದಕ್ಕೂ ಬೇರೆ ವೈದ್ಯರು, ಬೇರೆ ಔಷಧ ಚೀಟಿ. ಆದರೆ ಸ್ನಾನದ ಸ್ಟೂಲಿನಿಂದ ತಾನಾಗಿ ಏಳಲು ಆಗುತ್ತದೆಯೇ ಎಂದು ಇಷ್ಟು ವರ್ಷಗಳಲ್ಲಿ ಅವಳನ್ನು ಯಾರೂ ಕೇಳಿದ್ದಿಲ್ಲ; ಮನೆಯವರಾದ ನಾವೂ ಕೇಳಿರಲಿಲ್ಲ.

ವಯಸ್ಸಾದವರ ದೀರ್ಘಕಾಲದ ಕಾಯಿಲೆಯನ್ನು ರಕ್ತಪರೀಕ್ಷೆಯ ಅಂಕಿಗಳಲ್ಲಷ್ಟೇ ನೋಡುವುದು ಸಾಲದು ಎಂದು ನನಗೆ ಮನವರಿಕೆಯಾಗಿದೆ. ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಸರಿಯುವುದು, ಮಲಮೂತ್ರದ ಮೇಲಿನ ಹಿಡಿತ, ಊಟ ಎಂಬ ಆರು ವಿಷಯಗಳಲ್ಲಿ ವೃದ್ಧರಿಗೆ ಎಷ್ಟರಮಟ್ಟಿಗೆ ಇನ್ನೊಬ್ಬರ ನೆರವು ಬೇಕೆಂದು ಅಳೆಯುವ ಕ್ರಮವನ್ನು ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲೇ ಪ್ರಕಟಿಸಿದ್ದರು. ಬದುಕಿನ ಮಾನ ಉಳಿಯುವುದು ಈ ಆರರಲ್ಲಿ.

ಕಳೆದ ವರ್ಷ ನ್ಯುಮೋನಿಯಾದಿಂದ ಅಮ್ಮ ಕೆಲವು ದಿನ ಆಸ್ಪತ್ರೆಯಲ್ಲಿದ್ದಳು. ಮನೆಗೆ ಬಂದ ಮೇಲೆ ನಾವೆಲ್ಲರೂ ಪ್ರೀತಿಯಿಂದಲೇ ಅವಳ ಕೆಲಸಗಳನ್ನು ಒಂದೊಂದಾಗಿ ಕಿತ್ತುಕೊಂಡೆವು. ನೀರು ಕೈಗೇ ಬಂತು, ತಟ್ಟೆ ಹಾಸಿಗೆಗೇ ಬಂತು. ಎರಡು ತಿಂಗಳಲ್ಲಿ ಸೋಂಕು ಪೂರ್ತಿ ವಾಸಿಯಾಗಿತ್ತು, ನಡಿಗೆ ಮಾತ್ರ ಹೋಗಿತ್ತು. ‘ವಯಸ್ಸಾಯಿತಲ್ಲ’ ಎಂದು ನೋಡಲು ಬಂದವರು ಹೇಳಿದರು, ನಾವೂ ತಲೆದೂಗಿದೆವು. ಆ ತಲೆದೂಗುವಿಕೆ ನೆನಪಾದಾಗ ಈಗಲೂ ಸಂಕಟವಾಗುತ್ತದೆ, ಏಕೆಂದರೆ ಅದು ವಯಸ್ಸೊಂದರ ಕೆಲಸವಾಗಿರಲಿಲ್ಲ. ಆರೋಗ್ಯವಂತ ವೃದ್ಧರನ್ನೇ 10 ದಿನ ಹಾಸಿಗೆಯಲ್ಲಿರಿಸಿದ ಒಂದು ಅಧ್ಯಯನದಲ್ಲಿ, ಕೊಬ್ಬು ಬಿಟ್ಟು ಲೆಕ್ಕ ಹಾಕಿದರೂ ಕಾಲುಗಳ ತೂಕ ಸರಾಸರಿ ಒಂದು ಕಿಲೋದಷ್ಟು ಇಳಿದಿತ್ತು. ಕಾಯಿಲೆಯಿಂದ ಬಳಲಿದವರ ಪಾಡನ್ನು ಹೇಳಬೇಕಾಗಿಲ್ಲ.

ಫಿಸಿಯೋಥೆರಪಿಸ್ಟ್ ಬಂದು ಮೊದಲು ಮಾಡಿಸಿದ್ದು ಇಷ್ಟೇ: ಕುರ್ಚಿಯಿಂದ ಏಳುವುದು, ಕೂರುವುದು, ಮತ್ತೆ ಏಳುವುದು. ಸ್ನಾನದ ಮನೆಯ ಗೋಡೆಗೆ ಹಿಡಿಕೆ ಬಂತು, ಕಮೋಡಿನ ಆಸನ ಎತ್ತರವಾಯಿತು. ಎದ್ದು ನಿಂತಾಗ ತಲೆ ಸುತ್ತುತ್ತದೆ ಎಂದು ಅಮ್ಮ ಆಗಲೇ ಬಾಯಿಬಿಟ್ಟಳು. ವೈದ್ಯರು ಅವಳನ್ನು ಎದ್ದು ನಿಲ್ಲುವಂತೆ ಮಾಡಿ ರಕ್ತದೊತ್ತಡ ನೋಡಿ, ಅದರ ಮಾತ್ರೆಯ ಪ್ರಮಾಣ ಇಳಿಸಿದರು. ಕೇಳಿದ್ದರೆ ಮೊದಲೇ ಹೇಳುತ್ತಿದ್ದಳೇನೋ.

ಹಾಗೆಂದು ನೆರವೇ ಬೇಡವೆನ್ನುವುದು ಕ್ರೌರ್ಯ. ಬಿದ್ದು ಸೊಂಟದ ಮೂಳೆ ಮುರಿದರೆ ಅನೇಕ ವೃದ್ಧರು ಹಿಂದಿನಂತೆ ಓಡಾಡುವುದೇ ಇಲ್ಲ. ನಮ್ಮ ಭಯಕ್ಕೆ ಕಾರಣವಿದೆ. ಆದರೆ ಆ ಭಯವನ್ನು ಕಳೆಯಬೇಕಾದದ್ದು ಹಿಡಿಕೆ ಹಾಕಿಸಿ, ಬೆಳಕು ಹೆಚ್ಚಿಸಿ, ಪಕ್ಕದಲ್ಲಿ ನಿಂತು. ಅವರನ್ನು ಕೂರಿಸಿಬಿಟ್ಟು ಅಲ್ಲ.

ಈಗ ರವಿಕೆಯ ಗುಂಡಿ ಹಾಕಿಕೊಳ್ಳಲು ಅಮ್ಮನಿಗೆ ಏಳೆಂಟು ನಿಮಿಷ ಬೇಕು. ನಾನು ಬಾಗಿಲ ಹೊರಗೆ ನಿಂತಿರುತ್ತೇನೆ, ಕರೆದರೆ ಒಳಗೆ ಹೋಗುತ್ತೇನೆ.