ಗಂಗಾ ಸ್ನಾನ, ತುಂಗಾ ಸುರಂಗ

ಮಲೆನಾಡಿನಲ್ಲಿ ತುಂಗೆ, ಭದ್ರೆ ಕೂಡ್ಲಿಯಲ್ಲಿ ಕೂಡುತ್ತಾರೆ. ಬೆಂಗಳೂರಿನಲ್ಲಿ ಕೂಡಲೇ ಇಲ್ಲ. ವೆಂಕಟೇಶಪುರದಿಂದ ನಾಗವಾರದವರೆಗೆ ನೆಲದಡಿ ಅಕ್ಕಪಕ್ಕದಲ್ಲೇ ಹೋದರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಪ್ಪಿತಪ್ಪಿ ಕೂಡಿದ್ದರೆ ಇಂಜಿನಿಯರುಗಳು ಮನೆಗೆ ಹೋಗಬೇಕಾಗುತ್ತಿತ್ತು.

ಇವು ಮೆಟ್ರೊ ಗುಲಾಬಿ ಮಾರ್ಗದ ಸುರಂಗ ಕೊರೆದ ಯಂತ್ರಗಳು. ಒಟ್ಟು ಒಂಬತ್ತು. ಊರ್ಜಾ, ವಿಂಧ್ಯಾ, ಅವನಿ, ಲವಿ, ವರದಾ, ರುದ್ರ, ವಾಮಿಕಾ, ತುಂಗಾ, ಭದ್ರಾ. ಒಂಬತ್ತು ನಾಮಕರಣ ಆಯಿತು, ತೊಟ್ಟಿಲು ಕಟ್ಟುವುದೊಂದು ಬಾಕಿ. 2021ರ ಸೆಪ್ಟೆಂಬರ್‌ನಲ್ಲಿ ಊರ್ಜಾ ಶಿವಾಜಿನಗರದಲ್ಲಿ ಹೊರಬಂದಾಗ ಮುಖ್ಯಮಂತ್ರಿಗಳೇ ನೋಡಲು ಹೋಗಿದ್ದರು. ಒಂದು ಕಿಲೋಮೀಟರಿಗೂ ಕಡಿಮೆ ದೂರ, ಒಂದು ವರ್ಷಕ್ಕೂ ಜಾಸ್ತಿ ಸಮಯ. ಮೇಲೆ ನಿಂತಿದ್ದ ಕಾರುಗಳಿಗೆ ಹೋಲಿಸಿದರೆ ಒಳ್ಳೆಯ ವೇಗವೇ ಬಿಡಿ.

ಮೊದಲ ಹಂತದಲ್ಲಿ ಹೆಲೆನ್, ಮಾರ್ಗರೀಟಾ ಅಂತ ವಿದೇಶಿ ಹೆಸರುಗಳಿದ್ದವು. ಜೊತೆಗೆ ಕಾವೇರಿ, ಕೃಷ್ಣಾ, ಗೋದಾವರಿ. ಕಾವೇರಿ ನ್ಯಾಯಮಂಡಳಿಯ ಗೊಡವೆಯಿಲ್ಲದೆ ಮುಂದೆ ಹರಿದದ್ದು ಬಹುಶಃ ಅದೊಂದೇ ಸಲ. ಪಾಪ, ಗೋದಾವರಿ ಬಂಡೆಗೆ ಸಿಕ್ಕಿ ಹಲ್ಲು ಮುರಿದುಕೊಂಡು ತಿಂಗಳುಗಟ್ಟಲೆ ಕೂತಿತ್ತು. ಬೆಂಗಳೂರಿನ ಕಲ್ಲು ಅಂದ್ರೆ ಸುಮ್ನೆ ಅಲ್ಲ.

ದೇಶದ ನದಿಗಳಿಗೆಲ್ಲ ಜಾಗ ಸಿಕ್ಕಿತು. ಊರಿನದೇ ಮಗಳು ವೃಷಭಾವತಿಯನ್ನು ಮಾತ್ರ ಯಾರೂ ಕರೆಯಲಿಲ್ಲ. ಕಾರಣ ಇದೆ. ಆ ಹೆಸರಿನ ಯಂತ್ರ ಹೊರಬರುವ ದಿನ ಗಣ್ಯರು ಹೆಲ್ಮೆಟ್ ಜೊತೆ ಮೂಗಿಗೂ ಏನಾದರೂ ಕಟ್ಟಿಕೊಳ್ಳಬೇಕಾಗುತ್ತಿತ್ತು.

2024ರ ಅಕ್ಟೋಬರ್ 30ರಂದು ಭದ್ರಾ ನಾಗವಾರದಲ್ಲಿ ತಲೆ ಹೊರಹಾಕಿತು, ಸುರಂಗ ಕೊರೆಯುವ ಕೆಲಸ ಮುಗಿಯಿತು. ಈ ಮಾರ್ಗ ಸೇರಿದ ಎರಡನೇ ಹಂತಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2014ರಲ್ಲಿ. ನಡುವೆ ಮೆಟ್ರೊ ಕೆಲಸಕ್ಕೆಂದು 2019ರಲ್ಲಿ ಮುಚ್ಚಿದ ಕಾಮರಾಜ ರಸ್ತೆಯ ಒಂದು ಬದಿ ತೆರೆಯುವಷ್ಟರಲ್ಲಿ 2024 ಬಂದಿತ್ತು.

ಅದು ತೆರೆಯುವ ಸ್ವಲ್ಪ ಮುಂಚೆ ಆಟೋದಲ್ಲಿ ಆ ಕಡೆ ಹೋಗಿದ್ದೆ. ತಗಡಿನ ಬೇಲಿಯ ಮುಂದೆ ಗಾಡಿ ನಿಧಾನ ಮಾಡಿದ ಡ್ರೈವರಣ್ಣ, ಸುತ್ತಿಕೊಂಡು ಹೋಗೋದಕ್ಕೆ ಮೀಟರ್ ಮೇಲೆ ಇಪ್ಪತ್ತು ಕೇಳಿದರು. ನಾನು ಯಂತ್ರಗಳ ಹೆಸರಿನ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಹಂಗಾದ್ರೆ ಈ ಡೈವರ್ಷನ್‌ಗೂ ಒಂದು ಹೆಸರಿಡೋಕೆ ಹೇಳಿ ಸಾರ್. ಐದು ವರ್ಷ ಆಗ್ತಾ ಬಂತು, ಸ್ಕೂಲಿಗೆ ಸೇರಿಸ್ಬೇಕು."